ರಿಜಿಸ್ಟರಿನಲ್ಲಿ ಎಲ್ಲವೂ ಓಕೆ

ಕೋಲಾರ ಜಿಲ್ಲೆಯಲ್ಲಿ ನೀರು ಹುಡುಕುವವರು ಮೊದಲು ಪಂಚಾಯಿತಿ ರಿಜಿಸ್ಟರ್ ತೆಗೆದು ನೋಡಬೇಕು. ಭೂಮಿಯೊಳಗೆ ಇರುವುದಕ್ಕಿಂತ ಅಲ್ಲೇ ಜಾಸ್ತಿ ಇರುತ್ತದೆ.

ಊರಿನ ಹೆಸರು ಬೇಡ ಬಿಡಿ, ಮುಳಬಾಗಿಲು ಕಡೆಯದು. ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ ಅಂತ ಶುದ್ಧ ಕುಡಿಯುವ ನೀರಿನ ಘಟಕ ಹಾಕಿದರು. ಐದು ರೂಪಾಯಿ ಕಾಯಿನ್ ಹಾಕಿದರೆ ಇಪ್ಪತ್ತು ಲೀಟರ್ ಕ್ಯಾನ್ ತುಂಬಬೇಕು. ಈಗ ಕಾಯಿನ್ ಒಳಗೆ ಹೋಗುತ್ತದೆ, ಅಷ್ಟೇ. ರಿಜಿಸ್ಟರಿನಲ್ಲಿ ಮಾತ್ರ ಘಟಕ 'ಚಾಲ್ತಿಯಲ್ಲಿದೆ'.

ಬೆಂಗಳೂರಿನಲ್ಲಿ ಸರ್ಕ್ಯೂಟ್ ಬೋರ್ಡುಗಳ ಮೇಲೆ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಕೂರಿಸುವ ಕೆಲಸ ಮಾಡುವ ನಮ್ಮೂರ ಹುಡುಗನೊಬ್ಬ ಇದನ್ನು ನೋಡಿ ನಕ್ಕ. "ಅಣ್ಣ, ಲಿನಕ್ಸ್‌ನ ತಿರುಳು ಅಂತೀವಲ್ಲ, ನಮ್ಮ ಕರ್ನಲ್‌ಗೂ ಇಂಥದ್ದೇ ರಿಜಿಸ್ಟರ್ ಇದೆ. ಡಿವೈಸ್ ಟ್ರೀ ಅಂತ."

ಪೆನ್‌ಡ್ರೈವ್ ಚುಚ್ಚಿದರೆ ಅದೇ ತನ್ನ ಕಂಪನಿ, ಜಾತಕ ಎಲ್ಲ ಹೇಳಿಕೊಳ್ಳುತ್ತದೆ. ಆದರೆ ಬೋರ್ಡಿನಲ್ಲಿ ಚಿಪ್ಪುಗಳು ಮಾತಾಡಿಕೊಳ್ಳುವ ಐ ಟು ಸಿ ಎಂಬ ತಂತಿಗೆ ಅಂಟಿಕೊಂಡ ಪುಟ್ಟ ಚಿಪ್ಪು ತಾನಾಗಿ ಬಾಯಿ ಬಿಡಲ್ಲ. ಯಾವ ವಿಳಾಸದಲ್ಲಿ ಯಾರಿದ್ದಾರೆ ಅಂತ ಒಂದು ಫೈಲಿನಲ್ಲಿ ಬರೆದಿಡಬೇಕು. ಅದೇ ಡಿವೈಸ್ ಟ್ರೀ. ಯಂತ್ರ ಆನ್ ಆದಾಗ ಕರ್ನಲ್ಲನ್ನು ಎಬ್ಬಿಸುವ ಬೂಟ್‌ಲೋಡರ್ ಎಂಬ ಪ್ರೋಗ್ರಾಂ ಅದನ್ನು ಕರ್ನಲ್ ಕೈಗೆ ಕೊಡುತ್ತದೆ. ಈ ಪದ್ಧತಿಯ ಬೇರು 1994ರ ಓಪನ್ ಫರ್ಮ್‌ವೇರ್ ಮಾನದಂಡದಲ್ಲಿದೆ. ಆರ್ಮ್ ಚಿಪ್ಪಿನವರು ಮಾತ್ರ ಬೋರ್ಡಿಗೊಂದು ಸಿ ಭಾಷೆಯ ಫೈಲ್ ಬರೆದು ಕರ್ನಲ್ ಒಳಗೇ ತುರುಕುತ್ತಿದ್ದರು. 2011ರಲ್ಲಿ ಲಿನಕ್ಸ್ ಹುಟ್ಟಿಸಿದ ಲಿನಸ್ ಟೊರ್ವಾಲ್ಡ್ಸ್ ಆ ಗೋಜಲಿಗೆ ರೋಸಿಹೋಗಿ ಬಾಯಿಗೆ ಬಂದಂತೆ ಬೈದರು. ಆಮೇಲೆ ಆರ್ಮ್‌ನವರೂ ಟ್ರೀ ಕಡೆ ಹೊರಳಿದರು. ನಮ್ಮಲ್ಲಿ ಯಾರಾದರೂ ಹಾಗೆ ಬೈದಿದ್ದರೆ ಬೀದರಿಗೆ ಎತ್ತಂಗಡಿ ಆಗುತ್ತಿದ್ದರು.

ಟ್ರೀಯಲ್ಲಿ ಸ್ಟೇಟಸ್ ಅಂತ ಒಂದು ಸಾಲು ಇರುತ್ತದೆ. 'ಓಕೆ', 'ಡಿಸೇಬಲ್ಡ್', 'ಫೇಲ್' ಎಂದೆಲ್ಲ ಬರೆಯಬಹುದು. ಆ ಸಾಲೇ ಇಲ್ಲದಿದ್ದರೆ ಓಕೆ ಎಂದೇ ಅರ್ಥ. ಇದನ್ನು ಕೇಳಿ ಪಿಡಿಒ ಸಾಹೇಬರ ಮುಖ ಅರಳಿತು. "ಖಾಲಿ ಕಾಲಂನ ನಾವೂ ಹಂಗೇ ಓದೋದು!"

ಆದರೆ ಓಕೆ ಅಂತ ಬರೆದಿದ್ದಕ್ಕೇ ಕರ್ನಲ್ ಸುಮ್ಮನಾಗಲ್ಲ. 'ಕಂಪ್ಯಾಟಿಬಲ್' ಎಂಬ, ಇದು ಯಾವ ಚಿಪ್ಪು ಅಂತ ಹೇಳುವ ಸಾಲು ನೋಡಿ, ಅದನ್ನು ನಡೆಸುವ ಪ್ರೋಗ್ರಾಂ ಅಂದರೆ ತಕ್ಕ ಡ್ರೈವರ್ ಹುಡುಕುತ್ತದೆ. ಡ್ರೈವರ್ ಆ ವಿಳಾಸಕ್ಕೆ ಹೋಗಿ ಬಾಗಿಲು ತಟ್ಟುತ್ತದೆ. ಇದಕ್ಕೆ ಪ್ರೋಬ್ ಅಂತಾರೆ. ಒಳಗಿಂದ ಉತ್ತರ ಬರದಿದ್ದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ, ಲಾಗ್‌ನಲ್ಲಿ ದೋಷದ ನಂಬರ್ ಬೀಳುತ್ತದೆ. ಪಿಡಿಒ ಸಾಹೇಬರು ಸ್ವಲ್ಪ ಗಂಭೀರರಾದರು. "ಹೋಗಿ ನೋಡೋದು ಥರ್ಡ್ ಪಾರ್ಟಿ ತಪಾಸಣೆಗೆ ಬರುತ್ತೆ. ಅದಕ್ಕೆ ಬೇರೆ ಟೆಂಡರ್ ಆಗಬೇಕು."

ಇನ್ನೊಂದು ವಿಷಯವನ್ನಂತೂ ಅವರು ನಂಬಲೇ ಇಲ್ಲ. ಡ್ರೈವರ್ ಹೋದಾಗ ಚಿಪ್ಪಿಗೆ ಕರೆಂಟ್ ಕೊಡುವ ರೆಗ್ಯುಲೇಟರ್ ಇನ್ನೂ ಎದ್ದಿಲ್ಲ ಅಂತಿಟ್ಟುಕೊಳ್ಳಿ. ಡ್ರೈವರ್ -517 ಎಂಬ ನಂಬರ್ ಹೇಳಿ ವಾಪಸ್ ಬರುತ್ತದೆ. ಈಗಾಗಲ್ಲ, ಆಮೇಲೆ ನೋಡೋಣ ಅಂತ. ಕರ್ನಲ್ ಆ ಹೆಸರನ್ನು ಪಟ್ಟಿಯಲ್ಲಿಟ್ಟುಕೊಂಡು, ಬೇರೆ ಡ್ರೈವರ್ ಎದ್ದು ಕೂತ ಮೇಲೆ ತಾನೇ ಮತ್ತೆ ಕಳಿಸುತ್ತದೆ.

"ನಾಳೆ ಬಾ ಅಂದವರೇ ನೆನಪಿಟ್ಟುಕೊಂಡು ಕರೀತಾರಾ? ಅದ್ಯಾವ ಇಲಾಖೆನಪ್ಪಾ?"

ಹುಡುಗ ಉತ್ಸಾಹದಲ್ಲಿ ಪಂಚಾಯಿತಿಗೇ ಒಂದು ಡಿವೈಸ್ ಟ್ರೀ ಬರೆಯಲು ಕೂತ. ಅದರ ಕಟ್ಟುನಿಟ್ಟು ಗೊತ್ತಲ್ವಾ, ಇರುವ ಹಾರ್ಡ್‌ವೇರ್ ಬರೆಯಬೇಕು, ನಮ್ಮ ಆಸೆಗಳನ್ನಲ್ಲ. ಅಷ್ಟಕ್ಕೇ ಅರ್ಧ ರಿಜಿಸ್ಟರ್ ಉದುರಿಹೋಯಿತು. ಬೀದಿದೀಪಗಳಲ್ಲಿ ಕಂಬ ಉಳಿಯಿತು. ಸಾವಿರ ಅಡಿ ದಾಟಿದ ಬೋರ್‌ವೆಲ್ಲಿನಲ್ಲಿ ತೂತು ಉಳಿಯಿತು. ಘಟಕದ ನಿರ್ವಹಣೆ ಬಿಲ್ ಒಂದು ಮಾತ್ರ ತಿಂಗಳು ತಪ್ಪದೆ ಓಡುತ್ತಿತ್ತು, ಆದರೆ ಅದನ್ನು ಹಾರ್ಡ್‌ವೇರ್ ಅನ್ನಲಾಗದು. ಕೊನೆಗೆ ಘಟಕದ ಸ್ಟೇಟಸ್ ಸಾಲಿನಲ್ಲಿ 'ಫೇಲ್' ಎಂದು ಬರೆದುಬಿಟ್ಟ.

ವಿಷಯ ಸಾಮಾನ್ಯ ಸಭೆಗೆ ಹೋಯಿತು. ಫೇಲ್ ಎಂದರೆ ಊರಿನ ಮರ್ಯಾದೆ ಏನಾಗಬೇಕು ಅಂತ ಸದಸ್ಯರು ಸಿಟ್ಟಾದರು. ಹಾಗಂತ ಸುಳ್ಳು ಬರೆಯೋದೂ ತಪ್ಪಲ್ವಾ? ಆ ಸಾಲನ್ನೇ ಅಳಿಸಿ ಖಾಲಿ ಬಿಡಬೇಕೆಂದು ಸರ್ವಾನುಮತದಿಂದ ಠರಾವು ಪಾಸಾಯಿತು.