18ಕ್ಕೂ 9ಕ್ಕೂ ಒಂದೇ ತೂತು!

"ಇದನ್ನು 18ಕ್ಕೆ ಇಟ್ಟವರು ಯಾರು?"

ಮದುವೆಯೊಂದರಲ್ಲಿ ಗಿಟಾರ್ ನುಡಿಸುತ್ತಿದ್ದಾಗ, ಇಡೀ ಸಭಾಂಗಣಕ್ಕೆ ಕೇಳುವಂತೆ ಧ್ವನಿವರ್ಧಕದವನು ಹಾಗೆ ಕೇಳಿದ. ಕೇಳಿದ್ದು ನನ್ನ ಪೆಡಲ್‌ಗಳಿಗೆ, ಅಂದರೆ ಗಿಟಾರಿನ ಸ್ವರ ಬದಲಿಸಲು ಕಾಲಿನಿಂದ ಒತ್ತುವ ಪೆಟ್ಟಿಗೆಗಳಿಗೆ, ವಿದ್ಯುತ್ ಕೊಡುವ ಡಬ್ಬಿಯ ಬಗ್ಗೆ. 18 ಎಂದರೆ 18 ವೋಲ್ಟ್. ನಿನ್ನೆ ರಾತ್ರಿಯಿಂದ ಅದೊಂದೇ ಮಾತು ಕಿವಿಯಲ್ಲಿ ಕೊರೆಯುತ್ತಿದೆ. ನಿದ್ದೆ ಬರಲಿಲ್ಲ. ಬೆಳಿಗ್ಗೆ ನೀರುದೋಸೆ ಗಂಟಲಿನಿಂದ ಕೆಳಗೆ ಇಳಿಯಲಿಲ್ಲ.

ನಾನು ಇಟ್ಟದ್ದಲ್ಲ. ಅಂಗಡಿಯಿಂದ ಬರುವಾಗಲೇ ಆ ಸ್ವಿಚ್ ಹಾಗಿತ್ತೋ, ಚೀಲದೊಳಗೆ ಉಜ್ಜಿ ಸರಿಯಿತೋ, ದೇವರೇ ಬಲ್ಲ. ಉಗುರಿನ ತುದಿಯಷ್ಟು ಸ್ವಿಚ್ ಅದು, ಡಬ್ಬಿಯ ಹಿಂಬದಿಯಲ್ಲಿ, ತೂತಿನ ಕೆಳಗೆ. ಕಪ್ಪು ತಗಡಿನ ಮೇಲೆ ಬೂದು ಬಣ್ಣದಲ್ಲಿ 9, 12, 18. ವೇದಿಕೆಯ ನೀಲಿ ದೀಪದಲ್ಲಿ, ಮಂಡಿಯೂರಿ ಕುಳಿತು ಅವಸರದಲ್ಲಿ ತಂತಿ ಸಿಕ್ಕಿಸುವವನಿಗೆ ಅದು ಕಾಣುವುದಾದರೂ ಹೇಗೆ?

ಅಂಗಡಿಯಲ್ಲಿ ಎಲ್ಲವನ್ನೂ ಬಿಡಿಸಿ ಹೇಳಿದ್ದೆ. ಶ್ರುತಿ ನೋಡುವ ಟ್ಯೂನರ್, ಸ್ವರವನ್ನು ಒರಟಾಗಿಸುವ ಓವರ್‌ಡ್ರೈವ್, ಪ್ರತಿಧ್ವನಿ ಕೊಡುವ ಡಿಲೇ ಮೂರೂ 9 ವೋಲ್ಟ್. ಮಂದ್ರ, ತಾರ ಸ್ವರಗಳನ್ನು ಹದಮಾಡುವ ಈಕ್ವಲೈಸರ್ 18. ಸ್ವರವನ್ನು ಇನ್ನೂ ಒರಟಾಗಿಸುವ ಫಜ್ ಕೂಡ 9 ವೋಲ್ಟಿನದೇ, ಆದರೆ ಜರ್ಮೇನಿಯಂ ಟ್ರಾನ್ಸಿಸ್ಟರಿನದು, 1966ರಲ್ಲಿ ಲಂಡನ್ನಿನಲ್ಲಿ ಬಂದ ಫಜ್ ಫೇಸ್ ಎಂಬ ಪೆಡಲ್‌ನ ಜಾಡಿನಲ್ಲಿ ಕಟ್ಟಿದ್ದು. ಅದರಲ್ಲಿ ಪ್ಲಸ್ಸೇ ಗ್ರೌಂಡ್, ಉಳಿದವುಗಳಲ್ಲಿ ಮೈನಸ್. ಉಳಿದವುಗಳ ಜೊತೆ ಒಂದೇ ಪೂರೈಕೆಯ ತಂತಿಗೆ ಸರಪಳಿಯಂತೆ ಕೋದರೆ ಪ್ಲಸ್ಸೂ ಮೈನಸ್ಸೂ ಶಾರ್ಟ್ ಆಗುತ್ತವೆ. ಇಷ್ಟೂ ಹೇಳಿದೆ. ಅಂಗಡಿಯವನು ಮೊಬೈಲ್‌ನಿಂದ ತಲೆಯನ್ನೇ ಎತ್ತದೆ "ಎಲ್ಲದಕ್ಕೂ ಆಗುತ್ತದೆ" ಎಂದ. ಪ್ರತಿಯೊಂದು ತೂತಿಗೂ ಒಳಗೆ ಬೇರೆ ಬೇರೆ ಪೂರೈಕೆ ಇದೆಯೇ, ಐಸೊಲೇಟೆಡ್ ಹೌದೇ ಎಂದು ಕೇಳಿದೆ. "ಎಂಟು ತೂತು ಇದೆಯಲ್ಲ" ಎಂದ.

ಎಂಟು ತೂತಿದ್ದ ಮಾತ್ರಕ್ಕೆ ಎಂಟು ಪೂರೈಕೆ ಆಗುವುದಿಲ್ಲ! ಒಳಗೆ ಎಲ್ಲದರ ಗ್ರೌಂಡೂ ಒಂದೇ ಆಗಿದ್ದರೆ ಅದು ಡಬ್ಬಿಯೊಳಗೆ ಅಡಗಿಸಿಟ್ಟ ಸರಪಳಿ, ಅಷ್ಟೇ. ಡಿಜಿಟಲ್ ಪೆಡಲ್‌ನ ಕೀರಲು ಓವರ್‌ಡ್ರೈವ್‌ಗೆ ಹತ್ತಿಕೊಂಡು ಸ್ಪೀಕರ್ ಕುಂಯ್‌ಗುಡುವುದು ಇದರಿಂದಲೇ. ಫಜ್‌ಗೆ ನಾನು ಬ್ಯಾಟರಿಯನ್ನೇ ಹಾಕಿಟ್ಟಿದ್ದೆ, ಅದೊಂದಾದರೂ ಉಳಿಯಿತು.

ಡಿಲೇ ಉಳಿಯಲಿಲ್ಲ. ಅದಕ್ಕೆ 300 ಮಿಲಿಆಂಪಿಯರ್ ಬೇಕು. ಡಬ್ಬಿಯ ಆರು ತೂತುಗಳು ಕೊಡುವುದು ತಲಾ 100 ಮಾತ್ರ, ಕೊನೆಯ ಎರಡು 500. ಹಾಗಾಗಿ ಒಂದಕ್ಕೆ ಈಕ್ವಲೈಸರ್, ಇನ್ನೊಂದಕ್ಕೆ ಡಿಲೇ ಹಾಕಿದೆ. ಆಂಪಿಯರ್ ಹೆಚ್ಚಿದ್ದರೆ ಅಪಾಯವಿಲ್ಲ, ಪೆಡಲ್ ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ. ವೋಲ್ಟ್ ಹಾಗಲ್ಲ, ಕೊಟ್ಟಷ್ಟನ್ನೂ ನುಂಗಲೇಬೇಕು. ಆ ಸ್ವಿಚ್ ಇದ್ದದ್ದೂ ಈ ಎರಡು ತೂತುಗಳಿಗೆ ಮಾತ್ರ, ಒಂದೊಂದಕ್ಕೆ ಒಂದೊಂದು. ಡಿಲೇ ಹಾಕಿದ ತೂತಿನದು 9ರ ಬದಲು 18ರಲ್ಲಿತ್ತು.

ಕೇಕ್ ಕತ್ತರಿಸಿದ್ದಾಗಿತ್ತು, ಟೋಸ್ಟ್ ಮುಗಿದಿತ್ತು. ಮದುಮಕ್ಕಳು ಕುಣಿಯಲು ನಡುವೆ ಬಂದು ನಿಂತಿದ್ದರು. ಹಾಡಿನ ಮೊದಲ ನಾಲ್ಕು ಸಾಲು ನನ್ನ ಗಿಟಾರ್ ಒಂದೇ, ಬೇರೆ ವಾದ್ಯವಿಲ್ಲ. ಎರಡನೆಯ ಸಾಲಿನಲ್ಲಿ ಸ್ವರ ಹರಿದುಹೋಯಿತು. ಪಟ್ ಎಂದಿತು. ಆಮೇಲೆ ನಿಶ್ಶಬ್ದ. ಮದುಮಗಳ ಕೈ ಮದುಮಗನ ಹೆಗಲ ಮೇಲೆಯೇ ಇತ್ತು, ಇಬ್ಬರೂ ನನ್ನನ್ನು ನೋಡುತ್ತಿದ್ದರು. ಕಾಲ ಬಳಿಯಿಂದ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ಧ್ವನಿವರ್ಧಕದವನು ಟಾರ್ಚ್ ಹಿಡಿದು ಮೇಲೆ ಹತ್ತಿದ, ಡಬ್ಬಿಯನ್ನು ತಂತಿ ಸಮೇತ ಎತ್ತಿ ತಿರುಗಿಸಿದ, ಮೂಗಿನ ಹತ್ತಿರ ಹಿಡಿದ. ಪಕ್ಕದಲ್ಲೇ ಗಾಯಕಿಯ ಮೈಕ್ ತೆರೆದಿತ್ತು. ಆಗ ಕೇಳಿದ ಆ ಪ್ರಶ್ನೆಯನ್ನು. ಮುಂದಿನ ಸಾಲಿನ ಹುಡುಗರು ನಕ್ಕರು. ನಾನು ಗಿಟಾರ್ ಹಿಡಿದು ನಿಂತೇ ಇದ್ದೆ. ಕೀಬೋರ್ಡಿನವನು ಆ ನಾಲ್ಕು ಸಾಲನ್ನು ನುಡಿಸಿದ, ಅವರು ಕುಣಿದರು.

ಮಂಗಳೂರಿನಿಂದ ಕಲ್ಯಾಣಪುರಕ್ಕೆ ಮರಳುವಾಗ ಮೂಲ್ಕಿ ದಾಟುವವರೆಗೂ ವ್ಯಾನಿನಲ್ಲಿ ಯಾರೂ ಮಾತನಾಡಲಿಲ್ಲ.

ಬೆಳಿಗ್ಗೆ ಅಂಗಡಿಗೆ ಹೋದರೆ, ಉಕುಲೆಲೆ ಕೊಳ್ಳಲು ಬಂದ ತಾಯಿ ಮಗಳ ಎದುರಿಗೇ "ಮೇಲೆ ಬರೆದಿದೆಯಲ್ಲ, ಓದಬೇಕಿತ್ತು" ಎಂದ. ಹೌದು, ಓದಬೇಕಿತ್ತು. ಹನ್ನೆರಡು ವರ್ಷಗಳಿಂದ ನುಡಿಸುತ್ತಿರುವವನು ಒಮ್ಮೆ ಬಾಗಿ ನೋಡಬೇಕಿತ್ತು. ಹಣ ಹಿಂದಿರುಗುವುದಿಲ್ಲ, ಬಿಟ್ಟುಬಿಡೋಣ ಎಂದುಕೊಂಡು ಮನೆಗೆ ಬಂದೆ.

ಆದರೆ ಏಕೆ ಬಿಡಬೇಕು? ತಿಳಿದವರು ಯಾರಾದರೂ ಉತ್ತರ ಕೊಡಿ. ನಮ್ಮ ಮನೆಯ ಗೋಡೆಯಲ್ಲಿ ಗೀಸರಿನ 16 ಆಂಪಿಯರ್ ಪ್ಲಗ್ 6 ಆಂಪಿಯರ್ ಸಾಕೆಟ್ಟಿಗೆ ಹೋಗುವುದಿಲ್ಲ. ಮಗು ತಳ್ಳಿದರೂ ಹೋಗದು, ಕುರುಡ ತಡವಿದರೂ ಹೋಗದು. ಪೆಡಲ್ ತಯಾರಿಸುವವರಿಗೆ ಈ ಬುದ್ಧಿ ಏಕಿಲ್ಲ? 9ಕ್ಕೂ ಅದೇ ದುಂಡು ಪ್ಲಗ್, 18ಕ್ಕೂ ಅದೇ. ನಡುವಿನ ಕಡ್ಡಿ ಮೈನಸ್ ಆದರೂ ಅದೇ, ಪ್ಲಸ್ ಆದರೂ ಅದೇ. ಡಿಸಿ ಅಲ್ಲದೆ ಎಸಿ ಬೇಡುವ ಹಳೆಯ ಪೆಡಲ್‌ಗಳೂ ಇವೆ, ಅವುಗಳಲ್ಲೂ ಎಷ್ಟೋ ಪೆಡಲ್‌ಗಳ ತೂತಿಗೆ ಇದೇ ಪ್ಲಗ್ ಸಲೀಸಾಗಿ ಕೂರುತ್ತದೆ. ಎಲ್ಲವೂ ಎಲ್ಲದರೊಳಗೂ ಹೋಗುತ್ತದೆ, ಸುಟ್ಟ ಮೇಲೆ ಓದಬೇಕಿತ್ತು ಎನ್ನುತ್ತಾರೆ. ಮಾರುವವನು ಒಂದೇ ಒಂದು ಮಾತು, "ಸ್ವಿಚ್ ನೋಡಿಕೊಳ್ಳಿ" ಎಂದಿದ್ದರೆ ಸಾಕಿತ್ತು. ಅಷ್ಟು ಹೇಳಲು ಅವನ ಗಂಟು ಏನು ಹೋಗುತ್ತಿತ್ತು?

ಆ ಡಿಲೇ ಅಣ್ಣ ದುಬೈನಿಂದ ರಜೆಯಲ್ಲಿ ಬರುವಾಗ ಬಟ್ಟೆಯಲ್ಲಿ ಸುತ್ತಿ ತಂದುಕೊಟ್ಟದ್ದು. ನಾನು ಕೇಳಿರಲೂ ಇಲ್ಲ. ಕಂಕನಾಡಿಯಲ್ಲಿ ಟಿವಿ ರಿಪೇರಿ ಮಾಡುವವರೊಬ್ಬರು ಬಿಚ್ಚಿ ನೋಡುತ್ತೇನೆ ಎಂದಿದ್ದಾರೆ, ಆಸೆ ಇಟ್ಟುಕೊಳ್ಳಬೇಡಿ ಎಂದೂ ಹೇಳಿದ್ದಾರೆ. ಮುಂದಿನ ವಾರ ಉಡುಪಿಯಲ್ಲಿ ಇನ್ನೊಂದು ಕಾರ್ಯಕ್ರಮವಿದೆ. ಎಲ್ಲ ತೂತೂ ನಿಜವಾಗಿ ಐಸೊಲೇಟೆಡ್ ಆಗಿರುವ, ಸ್ವಿಚ್ ಇಲ್ಲದ, 18ರದ್ದನ್ನು ಬೇರೆಯಾಗಿಯೇ ಇಟ್ಟಿರುವ ಡಬ್ಬಿ ಯಾರ ಬಳಿಯಾದರೂ ಇದ್ದರೆ ಒಂದು ರಾತ್ರಿಯ ಮಟ್ಟಿಗೆ ಕೊಡಿ. ಈ ಕಪ್ಪು ಡಬ್ಬಿಗೆ ಟ್ಯೂನರನ್ನೂ ಸಿಕ್ಕಿಸಲಾರೆ.

ಅಣ್ಣ ಬೆಳಿಗ್ಗೆಯಿಂದ ಎರಡು ಬಾರಿ ಕರೆ ಮಾಡಿದ್ದಾನೆ, ಮದುವೆಯ ವಿಡಿಯೊ ಬೇಕಂತೆ. ನಾನಿನ್ನೂ ಕರೆ ತೆಗೆದುಕೊಂಡಿಲ್ಲ.