ಮಾತ್ರೆಗಳನ್ನೆಲ್ಲ ಒಟ್ಟಿಗೆ ನೋಡಿದವರು ಒಬ್ಬರೇ

ಒಂದು ಮಗುವಿನ ಬಗ್ಗೆ ಶಿಕ್ಷಕರೆಲ್ಲ ಕೂಡಿ ಚರ್ಚಿಸುವಂತೆ ವೃದ್ಧ ರೋಗಿಯ ಬಗ್ಗೆ ವೈದ್ಯರೂ ದಾದಿಯರೂ ಚರ್ಚಿಸಬೇಕು ಎಂದು ಲೇಖನವೊಂದರಲ್ಲಿ ಓದಿದ ಮಾತು ಮನಸ್ಸಿಗೆ ನಾಟಿತು. ನನ್ನ ತಾಯಿಗೆ 81 ವರ್ಷ. ಹೃದಯಕ್ಕೊಬ್ಬರು, ಮಂಡಿಗೊಬ್ಬರು, ನಿದ್ರೆಗೊಬ್ಬರು ವೈದ್ಯರು. ಒಟ್ಟು 9 ಮಾತ್ರೆ. ಮೂತ್ರ ಹೆಚ್ಚಿಸುವ ಮಾತ್ರೆಯನ್ನೂ ನಿದ್ರೆ ಮಾತ್ರೆಯನ್ನೂ ರಾತ್ರಿಯೇ ನುಂಗುತ್ತಿದ್ದರು. ನಿದ್ದೆಗಣ್ಣಲ್ಲೇ ಎದ್ದು, ಗೋಡೆ ಹಿಡಿದು ಶೌಚಾಲಯಕ್ಕೆ ಹೋಗುವಾಗ ಎರಡು ಸಲ ಬಿದ್ದರು. ‘ವಯಸ್ಸಾಯಿತಲ್ಲ’ ಎಂದರು ಎಲ್ಲರೂ. ಆ ಮಾತು ಕೇಳಿದರೆ ಈಗಲೂ ಸಂಕಟವಾಗುತ್ತದೆ. ಕೊನೆಗೆ ದಾದಿಯೊಬ್ಬರು ಮಾತ್ರೆಗಳನ್ನೆಲ್ಲ ಮೇಜಿನ ಮೇಲೆ ಹರಡಿ, ಯಾವುದು ಯಾವಾಗ ಎಂದು ಒಂದೊಂದನ್ನೂ ವಿಚಾರಿಸಿ, ವೈದ್ಯರೊಡನೆ ಮಾತನಾಡಿದರು. ಮೂತ್ರದ ಮಾತ್ರೆ ಬೆಳಿಗ್ಗೆಗೆ ಬದಲಾಯಿತು, ನಿದ್ರೆ ಮಾತ್ರೆಯನ್ನು ಹಂತಹಂತವಾಗಿ ನಿಲ್ಲಿಸಿದರು. ಆಮೇಲೆ ಅಮ್ಮ ಬಿದ್ದಿಲ್ಲ. ಹಲವು ಔಷಧ ಸೇವಿಸುವ ಪ್ರತಿಯೊಬ್ಬ ಹಿರಿಯರಿಗೂ ಇಂಥ ಪರಿಶೀಲನೆ ಸಿಗಲೇಬೇಕು. ಆ ದಾದಿಗೆ ಅಂದು ಹಿಡಿದದ್ದು ಅರ್ಧ ಗಂಟೆ.