ಆಡಿದವರಿಗೆ ಶಿಕ್ಷೆ ಇಲ್ಲ, ಇದು ಮನೆಯವರಿಗೆ ಗೊತ್ತಿರಲಿ

ಕ್ರಿಕೆಟ್ ಮ್ಯಾಚಿನ ಮಧ್ಯೆ ಬರುತ್ತಿದ್ದ ರಮ್ಮಿ, ಫ್ಯಾಂಟಸಿ ಆ್ಯಪ್‌ಗಳ ಜಾಹೀರಾತು ನಿಮಗೆ ನೆನಪಿರಬೇಕು. ದೊಡ್ಡ ಆಟಗಾರರು, ಸಿನಿಮಾ ನಟರು, ಕೋಟಿ ಗೆದ್ದ ಹುಡುಗ. ಕೊನೆಯಲ್ಲಿ ಒಂದೇ ಉಸಿರಿಗೆ ಓದಿ ಮುಗಿಸುವ ಎಚ್ಚರಿಕೆ: ಹಣ ಕಳೆದುಕೊಳ್ಳುವ ಅಪಾಯವಿದೆ, ಚಟ ಹತ್ತಬಹುದು, ಜವಾಬ್ದಾರಿಯಿಂದ ಆಡಿ. 2020ರ ಡಿಸೆಂಬರ್‌ನಿಂದ ಜಾಹೀರಾತು ಉದ್ಯಮದ ನಿಯಮವೇ ಹೀಗೆ ಹೇಳಬೇಕು ಎಂದಿತ್ತು. ಅಷ್ಟು ಹೇಳಿಬಿಟ್ಟರೆ ಕಂಪನಿಯ ಕೆಲಸ ಮುಗಿಯಿತು. ಆಮೇಲೆ ಏನೇ ಆದರೂ ತಪ್ಪೆಲ್ಲ ಆಡಿದವನ ತಲೆಗೆ.

ನನಗೆ ಸಿಟ್ಟು ಬರುವುದು ಇಲ್ಲೇ. ಸ್ವಲ್ಪ ಲೆಕ್ಕ ಹಾಕಿ ನೋಡಿ. ಸಮಾನವಾಗಿ ಆಡಬಲ್ಲ ಇಬ್ಬರು ತಲಾ 1,000 ರೂಪಾಯಿ ಹಿಡಿದು ರಮ್ಮಿಗೆ ಕೂತರು ಅಂದುಕೊಳ್ಳಿ. ಪ್ರತಿ ಆಟಕ್ಕೆ ತಲಾ 100 ಹಾಕುತ್ತಾರೆ. ಕಂಪನಿ ನೂರಕ್ಕೆ ಹತ್ತರಂತೆ ಕಮಿಷನ್ ಹಿಡಿದರೆ ಒಂದು ಆಟಕ್ಕೆ 20 ರೂಪಾಯಿ ಹೋಯಿತು. ಒಮ್ಮೆ ಇವನು ಗೆದ್ದ, ಒಮ್ಮೆ ಅವನು ಗೆದ್ದ. ನೂರು ಆಟ ಮುಗಿಯುವ ಹೊತ್ತಿಗೆ ಇಬ್ಬರ 2,000ವೂ ಕಂಪನಿಯದು. ಇದರ ಮೇಲೆ 2023ರ ಅಕ್ಟೋಬರ್‌ನಿಂದ ಆಟಕ್ಕೆ ಕಟ್ಟಿದ ಹಣಕ್ಕೆ ಶೇ 28 ಜಿಎಸ್‌ಟಿ ಬಂತು. ಗೆದ್ದ ಹಣಕ್ಕೆ ಶೇ 30 ತೆರಿಗೆ ಬೇರೆ. ಇಷ್ಟೆಲ್ಲ ಕಳೆದ ಮೇಲೂ ಜಾಣತನದಿಂದ ಆಡಿ ದುಡ್ಡು ಮಾಡುತ್ತೇನೆ ಅನ್ನುವ ಹುಡುಗರು ಎಷ್ಟು ಮಂದಿ ನಮ್ಮ ಸುತ್ತ ಇದ್ದಾರೆ ಅಲ್ವಾ?

ಇದು ಕೌಶಲದ ಆಟ ಎಂದು ವಾದ ಮಾಡುವವರಿಗೆ ಕಾನೂನಿನ ಬಲ ಇತ್ತು, ಅದನ್ನು ಒಪ್ಪುತ್ತೇನೆ. ರಮ್ಮಿ ಮುಖ್ಯವಾಗಿ ಕೌಶಲದ ಆಟ ಎಂದು ಸುಪ್ರೀಂ ಕೋರ್ಟ್ 1960ರ ದಶಕದಲ್ಲೇ ಹೇಳಿತ್ತು. 1996ರಲ್ಲಿ ಕುದುರೆ ರೇಸಿಗೂ ಅದೇ ಮಾತು ಹೇಳಿತು. ನಮ್ಮ ರಾಜ್ಯ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು, ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಆ ಭಾಗವನ್ನು ರದ್ದು ಮಾಡಿತು. ಆದರೆ ಎಲೆ ಎಸೆಯಲು ಬುದ್ಧಿ ಬೇಕು ಅಂದ ಮಾತ್ರಕ್ಕೆ ಚಟ ಹತ್ತುವುದಿಲ್ಲ ಅಂತ ಅಲ್ಲವಲ್ಲ. ಕ್ಲಬ್ಬಿನಲ್ಲಿ ಇಸ್ಪೀಟ್ ಆಡುವವರು ರಾತ್ರಿ ಬಾಗಿಲು ಹಾಕಿದ ಮೇಲೆ ಎದ್ದು ಮನೆಗೆ ಹೋಗಲೇಬೇಕು. ಫೋನಿಗೆ ಬಾಗಿಲು ಹಾಕುವವರಿಲ್ಲ. ಸೋತ ಅರ್ಧ ನಿಮಿಷಕ್ಕೆ ಮತ್ತೊಂದು ಟೇಬಲ್ ಸಿದ್ಧ. ಹೋದ ದುಡ್ಡು ವಾಪಸ್ ತೆಗೆಯಲು ಇನ್ನಷ್ಟು ದುಡ್ಡು ಹಾಕುವುದು ಅಲ್ಲಿಂದ ಶುರುವಾಗುತ್ತದೆ. ಬುದ್ಧಿವಂತರು ಇದರಲ್ಲಿ ಜಾಸ್ತಿ ಸಿಕ್ಕಿಕೊಳ್ಳುತ್ತಾರೆ ಅಂತ ನನ್ನ ಅನಿಸಿಕೆ. ಮುಂದಿನ ಆಟ ಗೆಲ್ಲುತ್ತೇನೆ ಅನ್ನಲು ಅವರ ಬಳಿ ಕಾರಣ ಇರುತ್ತದೆ.

ಹಾಗಾಗಿ 2025ರ ಆಗಸ್ಟ್‌ನಲ್ಲಿ ಸಂಸತ್ತು ಪಾಸು ಮಾಡಿದ ಕಾನೂನನ್ನು ನಾನು ಪೂರ್ತಿ ಬೆಂಬಲಿಸುತ್ತೇನೆ. ಕೌಶಲವೋ ಅದೃಷ್ಟವೋ, ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟ ನಡೆಸುವಂತಿಲ್ಲ. ನಡೆಸಿದವರಿಗೆ 3 ವರ್ಷದವರೆಗೆ ಜೈಲು, 1 ಕೋಟಿವರೆಗೆ ದಂಡ. ಜಾಹೀರಾತು ಮಾಡಿದವರಿಗೆ 2 ವರ್ಷ, 50 ಲಕ್ಷದವರೆಗೆ. ಕಂಪನಿಗಳು ಇದರ ವಿರುದ್ಧ ಕೋರ್ಟಿಗೂ ಹೋಗಿವೆ. ನನಗೆ ಇದರಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಂಡಿದ್ದು ಬೇರೆ ವಿಷಯ: ಆಡಿದವರಿಗೆ ಈ ಕಾನೂನಿನಲ್ಲಿ ಶಿಕ್ಷೆ ಇಲ್ಲ. ಇಸ್ಪೀಟ್ ಅಡ್ಡೆಯ ಮೇಲೆ ದಾಳಿ ಆದರೆ ಆಡಲು ಕೂತವರ ಮೇಲೂ ಕೇಸು ಬೀಳುವುದನ್ನು ನಾವು ನೋಡುತ್ತಾ ಬಂದಿದ್ದೇವೆ. ಇಲ್ಲಿ ಆಟಗಾರನನ್ನು ನೊಂದವನು ಎಂದು ನೋಡಿದ್ದಾರೆ.

ಇದನ್ನು ಮನೆಮನೆಗೆ ಯಾಕೆ ತಲುಪಿಸಬೇಕು ಅಂದರೆ, ನಮ್ಮಲ್ಲಿ ಜೀವ ತೆಗೆಯುತ್ತಿರುವುದು ಸಾಲದಷ್ಟೇ ಆ ಸಾಲವನ್ನು ಮುಚ್ಚಿಡುವ ಅಭ್ಯಾಸ. ನನಗೆ ಗೊತ್ತಿರುವ ಒಂದು ಮನೆಯಲ್ಲಿ ಮಗನ ಸಾಲ ಗೊತ್ತಾದಾಗ ತಾಯಿ ಬಳೆ ಅಡವಿಟ್ಟು ತೀರಿಸಿದರು. ನೆಂಟರಿಗೆ ಗೊತ್ತಾಗಬಾರದು ಅಂತ ಎಲ್ಲ ಗುಟ್ಟಾಗಿ ನಡೆಯಿತು. ಫೋನು, ಬ್ಯಾಂಕ್ ಖಾತೆ, ಲೋನ್ ಆ್ಯಪ್ ಎಲ್ಲ ಹಾಗೆಯೇ ಅವನ ಕೈಯಲ್ಲೇ ಉಳಿದವು. ಆರು ತಿಂಗಳೊಳಗೆ ಮತ್ತೆ ಸಾಲ, ಈ ಸಲ ಮೊದಲಿಗಿಂತ ದೊಡ್ಡದು. ಆ ಹುಡುಗ ಕೆಟ್ಟವನಲ್ಲ. ಸಾಲ ತೀರಿತು, ಚಟಕ್ಕೆ ಯಾರೂ ಔಷಧಿ ಕೊಡಿಸಲಿಲ್ಲ.

ಇಂಥ ಮನೆಯವರಿಗೆ ನಾನು ಹೇಳುವುದು ಇಷ್ಟೇ. ಮೊದಲು ಬೈಯದೆ ಪೂರ್ತಿ ಸಾಲದ ಪಟ್ಟಿ ಬರೆಸಿ. ಹಣದ ಕೈ ಕೆಲವು ತಿಂಗಳು ಬೇರೆಯವರದಾಗಲಿ, ಯುಪಿಐ ಮಿತಿ ಇಳಿಸಿ, ಪಾಸ್‌ಬುಕ್ ಜೊತೆಗೆ ಕೂತು ನೋಡಿ. 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ, ಮಧ್ಯರಾತ್ರಿಯಲ್ಲೂ ಸಿಗುತ್ತಾರೆ. ಸಾಯುವ ಮಾತು ಬಾಯಿಗೆ ಬಂದಿದ್ದರೆ ಒಂದು ದಿನವೂ ಕಾಯಬೇಡಿ, ಒಬ್ಬರನ್ನೇ ಬಿಡಬೇಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಫೋನು, ಆನ್‌ಲೈನ್ ಆಟದ ಗೀಳಿಗೆಂದೇ 2014ರಿಂದ ಶಟ್ ಕ್ಲಿನಿಕ್ ಇದೆ. ಸಾಲದವರು ಮನೆ ಮುಂದೆ ಬಂದು ಕಿರುಕುಳ ಕೊಟ್ಟರೆ ಹೆದರಬೇಡಿ. ಬಲವಂತದ ಸಾಲ ವಸೂಲಿ ತಡೆಯಲು ನಮ್ಮ ರಾಜ್ಯದಲ್ಲಿ 2025ರಲ್ಲೇ ಕಾನೂನು ಬಂದಿದೆ, ಠಾಣೆಗೆ ಹೋಗಿ.

ಕಾಲೇಜು ಹುಡುಗರಿಗೆ ಒಂದು ಮಾತು. ದೊಡ್ಡ ಆ್ಯಪ್‌ಗಳು ಹಣದ ಆಟ ನಿಲ್ಲಿಸಿದ ಮೇಲೂ ಹೊರದೇಶದಿಂದ ನಡೆಯುವ ಬೆಟ್ಟಿಂಗ್ ಸೈಟುಗಳು ಟೆಲಿಗ್ರಾಂ ಲಿಂಕಿನಲ್ಲಿ ಬರುತ್ತಲೇ ಇವೆ. ಗೆದ್ದ ಹಣ ಅವರು ಕೊಡದಿದ್ದರೆ ಕೇಳಲು ವಿಳಾಸವೇ ಇಲ್ಲ. ಹಣ ಸಾಗಿಸಲು ಅವರಿಗೆ ಇಲ್ಲಿನವರ ಬ್ಯಾಂಕ್ ಖಾತೆ ಬೇಕು. ಸುಮ್ನೆ ಖಾತೆ ಕೊಡು, ತಿಂಗಳಿಗೆ ಇಷ್ಟು ಕಮಿಷನ್ ಅಂತ ಯಾರಾದರೂ ಕೇಳಿದರೆ ಕೊಡಬೇಡಿ. ಆಡಿದವನಿಗೆ ಇರುವ ರಕ್ಷಣೆ ಖಾತೆ ಬಾಡಿಗೆಗೆ ಕೊಟ್ಟವನಿಗೆ ಇಲ್ಲ.

ಸರ್ಕಾರದಿಂದ ನನಗೆ ಬೇಕಾಗಿರುವುದು ಇನ್ನೊಂದಿದೆ. ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುತ್ತಾರೆ. ಅಲ್ಲಿ ಕುಡಿತದ ಜೊತೆ ಬೆಟ್ಟಿಂಗ್, ರಮ್ಮಿ ಚಟಕ್ಕೂ ಚಿಕಿತ್ಸೆ ಇದೆ ಅಂತ ದೊಡ್ಡ ಅಕ್ಷರದಲ್ಲಿ ಬೋರ್ಡು ಹಾಕಿ. ಆಶಾ ಕಾರ್ಯಕರ್ತೆಯರಿಗೂ ಹೇಳಿಕೊಡಿ. ಸಾಲ ಮುಚ್ಚಿಟ್ಟು ಕೂತ ಮನೆ ಯಾವುದು ಅಂತ ಊರಿನಲ್ಲಿ ಮೊದಲು ಅವರಿಗೇ ಗೊತ್ತಾಗುತ್ತದೆ.